ನಾರ್ನಿಯಾ ಯಾವ ಪುಸ್ತಕದಿಂದ ಶುರು ಮಾಡಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಪುಸ್ತಕ ಓದಿ ಹೇಳುವವರು ದಯವಿಟ್ಟು ಸಹಾಯ ಮಾಡಿ.

ನನ್ನ ಮಗಳಿಗೆ 9 ವರ್ಷ. ಮಲಗುವ ಮುಂಚೆ ಒಂದೊಂದೇ ಅಧ್ಯಾಯದಂತೆ 'ದಿ ಹಾಬಿಟ್' ಓದಿ ಮುಗಿಸಿದೆವು. ಕಥಾನಾಯಕ ಬಿಲ್ಬೋ ಮತ್ತು ಗೊಲ್ಲಮ್ ಎಂಬ ವಿಚಿತ್ರ ಜೀವಿ ಕತ್ತಲಲ್ಲಿ ಒಗಟು ಕೇಳಿಕೊಳ್ಳುವಾಗ ನನ್ನ ತೋಳು ಗಟ್ಟಿಯಾಗಿ ಹಿಡಿದು, "ಉತ್ತರ ಹೇಳಬೇಡ, ನಾನೇ ಯೋಚಿಸ್ತೀನಿ" ಅಂದಳು. ದೊಡ್ಡ ಜೇಡಗಳು ಬಂದ ರಾತ್ರಿ ದೀಪ ಆರಿಸಲು ಬಿಡಲಿಲ್ಲ. ಆದರೆ ಕುಳ್ಳರ ನಾಯಕ ಥೋರಿನ್ ಸತ್ತಾಗ ತುಂಬಾ ಹೊತ್ತು ಅತ್ತಳು. ಭಯಕ್ಕಿಂತ ಅಗಲಿಕೆಯೇ ಅವಳಿಗೆ ಜಾಸ್ತಿ ತಟ್ಟುತ್ತದೆ.

ಈಗ ನಾರ್ನಿಯಾ ಸರದಿ, ಸಿ. ಎಸ್. ಲೂಯಿಸ್ ಬರೆದ ಮಕ್ಕಳ ಮಾಯಾಲೋಕದ ಕಥೆಗಳು. ಒಟ್ಟು 7 ಪುಸ್ತಕ. ಮೊದಲು ಬಂದದ್ದು 1950ರಲ್ಲಿ, 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್', ಅಂದರೆ ಮಕ್ಕಳು ಬಟ್ಟೆ ಬೀರುವಿನೊಳಗಿಂದ ನಾರ್ನಿಯಾ ಎಂಬ ಲೋಕಕ್ಕೆ ಹೋಗುವ ಕಥೆ. ನಾರ್ನಿಯಾ ಹುಟ್ಟಿದ್ದನ್ನು ಹೇಳುವ 'ದಿ ಮೆಜೀಷಿಯನ್ಸ್ ನೆಫ್ಯೂ' ಬಂದದ್ದು 1955ರಲ್ಲಿ, ಆರನೆಯದಾಗಿ. ಆದರೆ ಈಗಿನ ಸೆಟ್‌ಗಳಲ್ಲಿ ಅದಕ್ಕೇ 1ನೇ ನಂಬರ್ ಹಾಕಿರುತ್ತಾರೆ. ನನಗಂತೂ ಬೀರುವಿನಿಂದಲೇ ಶುರು ಮಾಡುವುದು ಸರಿ ಅನ್ನಿಸುತ್ತದೆ. ಕೋಟುಗಳ ನಡುವೆ ನಡೆಯುತ್ತಾ ಹೋದರೆ ಕಾಲಡಿ ಹಿಮ, ಕಾಡಿನ ಮಧ್ಯೆ ಒಂದು ದೀಪದ ಕಂಬ! ಅದು ಅಲ್ಲಿಗೆ ಹೇಗೆ ಬಂತು ಅಂತ ಮೊದಲೇ ಗೊತ್ತಾದರೆ ಆ ಬೆರಗು ಉಳಿಯಲ್ಲ, ಅಲ್ವಾ? ಬೇರೆ ಕ್ರಮದಲ್ಲಿ ಓದಿದವರಿದ್ದರೆ ಅದನ್ನೂ ಹೇಳಿ.

ನನಗೆ ಜಾಸ್ತಿ ಚಿಂತೆ ಇರುವುದು ಅದೇ ಪುಸ್ತಕದಲ್ಲಿ ಕಲ್ಲಿನ ಮೇಜಿನ ಮೇಲೆ ಅಸ್ಲಾನ್ ಎಂಬ ಸಿಂಹ ಸಾಯುವ ಅಧ್ಯಾಯದ ಬಗ್ಗೆ. ನಿಮ್ಮ ಮಕ್ಕಳು ಅದನ್ನು ಹೇಗೆ ತೆಗೆದುಕೊಂಡರು? ಅವನು ಮರಳಿ ಬರುವ ಮುಂದಿನ ಅಧ್ಯಾಯವನ್ನೂ ಅದೇ ರಾತ್ರಿ ಓದಿಬಿಡಲಾ, ಅಥವಾ ಒಂದು ದಿನ ಕಾಯಿಸುವುದೇ ಒಳ್ಳೆಯದಾ?