ಮೆಗಸ್ತನೀಸನ ‘ಏಳು ಜಾತಿ’: ಜಾತಿ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು.

ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಪಾಟಲಿಪುತ್ರಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಇಲ್ಲಿನ ಜನರನ್ನು ಏಳು ಗುಂಪು ಮಾಡಿ ಹೇಳುತ್ತಾನೆ. ತತ್ವಜ್ಞಾನಿಗಳು, ಬೇಸಾಯಗಾರರು, ದನಗಾಹಿ-ಬೇಟೆಗಾರರು, ಕುಶಲಕರ್ಮಿ-ವ್ಯಾಪಾರಿಗಳು, ಸೈನಿಕರು, ಬೇಹಿನವರು, ರಾಜನ ಸಲಹೆಗಾರರು. ಇವನ್ನು ‘ಏಳು ಜಾತಿ’ ಅಂತ ಬರೆದಿರುವುದನ್ನು ನೋಡಿದ್ದೇನೆ. ನನಗ್ಯಾಕೋ ಒಪ್ಪಿಗೆಯಾಗುತ್ತಿಲ್ಲ.

ಭಾರತದ ಬಗ್ಗೆ ಅವನು ಬರೆದ ‘ಇಂಡಿಕಾ’ ಪುಸ್ತಕ ಕಳೆದುಹೋಗಿದೆ. ಉಳಿದಿರುವುದು ಮುಂದಿನ ಗ್ರೀಕ್ ಬರಹಗಾರರು ಎತ್ತಿಕೊಂಡ ಭಾಗಗಳಷ್ಟೇ. ಅವರಲ್ಲೇ ಪದ ಒಂದೇ ಇಲ್ಲ. ಡಯೊಡೋರಸ್, ಸ್ಟ್ರಾಬೊ ‘ಮೆರೋಸ್’ ಅನ್ನುತ್ತಾರೆ, ಬರೀ ‘ಭಾಗ’. ಅರಿಯನ್ ‘ಗೆನೆಯಾ’ ಅನ್ನುತ್ತಾನೆ. ಅದರಲ್ಲಿ ಹುಟ್ಟು, ವಂಶ ಬಂದುಬಿಡುತ್ತದೆ.

ಜಾತಿ ಅನ್ನುವುದಕ್ಕೂ ಕಾರಣ ಇದೆ, ಇಲ್ಲವೆನ್ನುವುದಿಲ್ಲ. ಗುಂಪಿನ ಹೊರಗೆ ಮದುವೆಯಿಲ್ಲ, ಕಸುಬು ಬದಲಿಸುವಂತಿಲ್ಲ ಅಂತ ಅರಿಯನ್‌ನಲ್ಲೇ ಇದೆ. ಆದರೆ ತತ್ವಜ್ಞಾನಿ ಯಾವ ಗುಂಪಿನವನಾದರೂ ಆಗಬಹುದು ಅನ್ನುವವನೂ ಅದೇ ಅರಿಯನ್! ಇನ್ನು ಬೇಹಿನವರನ್ನು ನೋಡಿ. ವೇಶ್ಯೆಯರನ್ನು ಜೊತೆಗಿಟ್ಟುಕೊಂಡು ಊರಿನ ಸುದ್ದಿಯನ್ನೆಲ್ಲ ರಾಜನಿಗೆ ಗುಟ್ಟಾಗಿ ಮುಟ್ಟಿಸುವ ಕೆಲಸ ಅವರದು. ಅದು ಹುದ್ದೆ ಅಲ್ವಾ? ಮೂರನೆಯ ಗುಂಪಿನವರು ಡೇರೆಯಲ್ಲಿ ಅಲೆಯುವವರು. ಬಿತ್ತಿದ ಕಾಳು ತಿನ್ನುವ ಹಕ್ಕಿ, ಮೃಗಗಳನ್ನು ಹೊಡೆಯುತ್ತಾರೆ, ರಾಜ ಅದಕ್ಕೆ ಧಾನ್ಯ ಅಳೆದು ಕೊಡುತ್ತಾನೆ. ಒಟ್ಟಾರೆ ನೋಡಿದರೆ ಅರಮನೆಯ ಲೆಕ್ಕದ ಪುಸ್ತಕದಿಂದ ಎದ್ದುಬಂದ ಪಟ್ಟಿಯ ಹಾಗಿದೆ. ಏಳು ಅನ್ನುವ ಸಂಖ್ಯೆಯ ಮೇಲೂ ನನಗೆ ಗುಮಾನಿ. ಅವನಿಗಿಂತ ಹಿಂದಿನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಈಜಿಪ್ಟಿನವರನ್ನೂ ಏಳೇ ಗುಂಪು ಮಾಡಿದ್ದ.

ಹನ್ನೊಂದನೆಯ ಶತಮಾನದಲ್ಲಿ ಭಾರತದ ಬಗ್ಗೆ ಬರೆದ ವಿದ್ವಾಂಸ ಅಲ್‌ಬಿರೂನಿಯ ವಿಷಯದಲ್ಲಿ ಈ ತಾಪತ್ರಯ ಇಲ್ಲ. ‘ವರ್ಣ’ ಅಂದರೆ ಬಣ್ಣ ಅಂತ ಅವನೇ ಬಿಡಿಸಿ ಹೇಳಿ, ನಾಲ್ಕರ ಹೊರಗಿನ 8 ಅಂತ್ಯಜರನ್ನು ಬೇರೆಯೇ ಎಣಿಸುತ್ತಾನೆ.

ಸರಿ, ಮೆಗಸ್ತನೀಸನಿಗೆ ಯಾವ ಪದ? ‘ವರ್ಗ’ ಅಂದರೆ ಬಡವ-ಶ್ರೀಮಂತ ಲೆಕ್ಕ ಬರುತ್ತದೆ. ‘ಪಂಗಡ’ ಅಂದರೆ ಸರ್ಕಾರಿ ಪಟ್ಟಿ ನೆನಪಾಗುತ್ತದೆ. ‘ಮೆರೋಸ್’ಗೆ ಸುಮ್ನೆ ‘ಗುಂಪು’, ‘ಗೆನೆಯಾ’ಗೆ ‘ಕುಲ’ ಅಂತ ನನ್ನ ಮನಸ್ಸು. ಆದರೆ ಕೆಲವು ಕಡೆ ಕುಲ ಅಂದರೆ ಬೆಡಗು, ಅದರೊಳಗೆ ಮದುವೆಯೇ ಇಲ್ಲ. ಅರಿಯನ್ ಹೇಳಿದ್ದಕ್ಕೆ ಪೂರಾ ಉಲ್ಟಾ! ನಿಮ್ಮ ಕಡೆ ಕುಲ ಅಂದರೆ ಏನರ್ಥ? ಬೇರೆ ಪದ ಹೊಳೆದರೂ ತಿಳಿಸಿ.