ಒಂದೇ ನಗರ, ಬಡಾವಣೆಗೊಂದು ಹವೆ: ಎಲ್ಲಿ ಮನೆ ಮಾಡೋದು?

ಕೇಳಿದವರು: ಊರಾಚೆ ಎರಡು ಮನೆ ನೋಡಿದ್ದೇವೆ. ಒಂದು ಕೆರೆ ಪಕ್ಕದ ತಗ್ಗಿನಲ್ಲಿ, ಇನ್ನೊಂದು ದಿಬ್ಬದ ಮೇಲೆ. ಅಮ್ಮನಿಗೆ ಉಬ್ಬಸ ಇದೆ. ಇಂಥ ಕಡೆ ಇದ್ದವರು ಅನುಭವ ಹೇಳಿ.

ದಿಬ್ಬದ ಮನೆ: ಕಣ್ಣು ಮುಚ್ಚಿ ದಿಬ್ಬ ತಗೊಳ್ಳಿ. ಬೇಸಿಗೆಯಲ್ಲೂ ಸಂಜೆ ಫ್ಯಾನ್ ಬೇಡ. ಆದರೆ ಮಳೆಗಾಳಿಗೆ ಎದುರಿಗಿರುವ ಗೋಡೆ ನೋಡಿಕೊಳ್ಳಿ. ನಮ್ಮದು ಮೊದಲ ಮಳೆಗಾಲಕ್ಕೇ ನೆನೆದು ಬಣ್ಣ ಹಕ್ಕಳೆ ಎದ್ದಿತು. ಗಾರೆ ಕೆತ್ತಿಸಿ ವಾಟರ್‌ಪ್ರೂಫ್ ಮಾಡಿಸಿದೆವು. ಮೇಸ್ತ್ರಿ ಹಾಕಿದ ಸಜ್ಜಾ ಗಿಡ್ಡವಾಯಿತು. ಎರಚಲು ನೇರ ಹಾಸಿಗೆಗೇ ಬೀಳುತ್ತಿತ್ತು. ಅದನ್ನು ಒಡೆಸಿ ಉದ್ದದ್ದು ಹಾಕಿಸಿದೆವು. ದುಡ್ಡು ನೀರಿನ ಹಾಗೆ ಹೋಯಿತು. ಆದರೂ ಇಲ್ಲಿಂದ ಕದಲಲ್ಲ.

ಕೆರೆದಂಡೆ: ಗಾಳಿಯಿಲ್ಲದ, ಮೋಡವಿಲ್ಲದ ಚಳಿಗಾಲದ ರಾತ್ರಿ ಬಂದು ನೋಡಿ. ತಣ್ಣನೆಯ ಗಾಳಿ ಭಾರ. ಎತ್ತರದಿಂದ ಜಾರಿ ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಮೇಲಿನವರು ಬಿಸಿಲು ಕಾಯಿಸುವಾಗಲೂ ನಮ್ಮಲ್ಲಿ ಮಂಜು ಕರಗಿರಲ್ಲ. ಬೀರುವನ್ನು ಗೋಡೆಯಿಂದ ಗೇಣುದ್ದ ಮುಂದೆ ಎಳೆದಿಟ್ಟರೂ ಹಿಂದೆ ಬೂಷ್ಟು. ಚರ್ಮದ ಬೆಲ್ಟು, ಚಪ್ಪಲಿ ಎಲ್ಲ ಬಿಸಾಡಿದೆವು. ಮಾರುವವರು ಬರೀ ಕೆರೆ ತೋರಿಸಿದ್ದರು, ಆ ಸಿಟ್ಟು ಇನ್ನೂ ಇಳಿದಿಲ್ಲ.

ನಡುಪೇಟೆ: ದಿಬ್ಬದವರೇ, ಎತ್ತರದ ತಂಪು ಅಂತ ಸುಮ್ನೆ ಹೇಳಬೇಡಿ. ಸರಾಸರಿ 1000 ಮೀಟರ್ ಮೇಲೇರಿದರೆ 6.5 ಡಿಗ್ರಿ ಇಳಿಯುತ್ತದೆ. 100 ಮೀಟರ್ ದಿಬ್ಬಕ್ಕೆ ಒಂದು ಡಿಗ್ರಿಯೂ ಇಲ್ಲ. ನಿಮಗೆ ಹಿತ ಅನಿಸೋದು ಗಾಳಿಯಿಂದ. ನಿಜವಾದ ಸೆಕೆ ನಮ್ಮದು. ಹಗಲೆಲ್ಲ ಬಿಸಿಲು ಕುಡಿದ ಟಾರು, ಕಾಂಕ್ರೀಟು ರಾತ್ರಿ ಅದನ್ನು ಬಿಡುತ್ತವೆ. ಲಂಡನ್ನಿನ ಪೇಟೆ ಸುತ್ತಲ ಹಳ್ಳಿಗಿಂತ ರಾತ್ರಿ ಬೆಚ್ಚಗಿರುತ್ತದೆ ಅಂತ ಅಲ್ಲಿನ ಹವಾಮಾನ ಅಧ್ಯಯನಕಾರ ಲ್ಯೂಕ್ ಹೋವರ್ಡ್ 19ನೇ ಶತಮಾನದ ಶುರುವಲ್ಲೇ ಅಳೆದು ಬರೆದಿದ್ದರು.

ದಿಬ್ಬದ ಮನೆ: ಲಂಡನ್ ಬಿಡಿ. ನನ್ನ ಬಾಲ್ಕನಿ ಥರ್ಮಾಮೀಟರ್ ದಿನಾ ಮೊಬೈಲಿಗಿಂತ ಕಡಿಮೆ ತೋರಿಸುತ್ತೆ.

ನಡುಪೇಟೆ: ಬಾಲ್ಕನಿ ಲೆಕ್ಕ ಒಪ್ಪಲ್ಲ. ಹುಲ್ಲುನೆಲದ ಮೇಲೆ, ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ, ಒಂದೂಕಾಲಿನಿಂದ ಎರಡು ಮೀಟರ್ ಎತ್ತರದಲ್ಲಿ ಇಡಬೇಕು.

ಕೆರೆದಂಡೆ: ಮೊಬೈಲ್ ನಂಬೋದೂ ತಪ್ಪೇ. ಅದು ಹೇಳೋದು ನಿಮ್ಮ ಬೀದಿಯ ಲೆಕ್ಕ ಅಲ್ಲ. ಗುಡುಗಿನ ಮೋಡ ಕೆಲವೇ ಕಿಲೋಮೀಟರ್ ಅಗಲ ಇರಬಹುದು. ಪಕ್ಕದ ಬಡಾವಣೆಯಲ್ಲಿ ಚರಂಡಿ ಉಕ್ಕಿದ ದಿನ ನಮ್ಮಂಗಳ ಒಣಗಿತ್ತು.

ದಿಬ್ಬದ ಮನೆ: ಪೆಟ್ಟಿಗೆ, ಮೋಡ ಎಲ್ಲ ಇರಲಿ. ಮಲಗೋದು ನಾನು, ತಂಪು ನನಗೆ ಗೊತ್ತಾಗಲ್ವಾ?

ನಡುಪೇಟೆ: ಹಾಗಾದರೆ ಡಿಗ್ರಿ ಮಾತು ತೆಗೀಬೇಡಿ.