ಚಿಂತೆ ಮಾಡಿದ್ರೆ ವಿಶ್ವಾಸ ಇಲ್ಲ ಅಂತಾನಾ?

ಜಗಳೂರ್ ಹುಡ್ಗ:
ಎಲ್ರಿಗೂ ಸ್ತೋತ್ರ. ನಾನಿರೋದು ದಾವಣಗೆರೇಲಿ, ಹೊಲ ಜಗಳೂರು ಕಡೆ, ಎರಡೂವರೆ ಎಕರೆ. ಹೋದ ಬೇಸಿಗೇಲಿ ಪಾಯಿಂಟ್ ಮಾಡ್ಸಿ ಬೋರ್ ಕೊರೆಸಿದ್ವಿ, 650 ಅಡಿ ಹೋದ್ರೂ ಬರೀ ಧೂಳು, ಸಾಲ ಮಾತ್ರ ಉಳೀತು. ಮನೆಯವ್ಳ ಹೆಸರಲ್ಲಿ ಸಂಘದ ಸಾಲಾನೂ ಐತೆ, ಮಂಗಳವಾರ ಮಂಗಳವಾರ ಕಂತು. ಸೋಮವಾರ ರಾತ್ರಿ 3 ಗಂಟೆಗೆ ಎಚ್ಚರ ಆಗಿ ಎದೆ ಡಬಡಬ ಅಂತೈತೆ, ಪ್ರಾರ್ಥನೆಗೆ ಮಂಡಿ ಊರಿದ್ರೂ ತಲೇಲಿ ಬಡ್ಡಿ ಲೆಕ್ಕಾನೇ. ಮನೆ ಪ್ರಾರ್ಥನೆ ಕೂಟದಲ್ಲಿ ಹೇಳ್ಕೊಂಡ್ರೆ ಒಬ್ರು ಎಲ್ರ ಮುಂದೆ ಚಿಂತೆ ಮಾಡೋದು ಪಾಪ, ನಿಮಗೆ ವಿಶ್ವಾಸ ಕಮ್ಮಿ ಅಂದ್ಬಿಟ್ರು. ಈಗ ಸಾಲದ ಚಿಂತೆ ಜೊತೆ ಚಿಂತೆ ಮಾಡ್ತಿದೀನಲ್ಲ ಅನ್ನೋ ಚಿಂತೆ ಬೇರೆ. ದೇವರ ಮೇಲೆ ಭಾರ ಹಾಕೋದು ಅಂದ್ರೆ ನಿಜಕ್ಕೂ ಹೆಂಗೆ?

ಕೃಪೆ ಸಾಕು:
ಬೈಬಲ್‌ನಲ್ಲಿ ಫಿಲಿಪ್ಪಿ 4:6-7 ಓದಿ ಬ್ರದರ್, ಹಕ್ಕಿಗಳನ್ನ ನೋಡಿ ಅನ್ನೋ ಮತ್ತಾಯ 6:25-34 ಕೂಡ. ಪ್ರಾರ್ಥಿಸ್ತೀವಿ 🙏

ಜಗಳೂರ್ ಹುಡ್ಗ:
ಬಾಯಿಪಾಠ ಐತೆ ಬ್ರದರ್. ಹಕ್ಕಿ ಬಿತ್ತಲ್ಲ ಕೊಯ್ಯಲ್ಲ ಸರಿ, ಹಕ್ಕಿಗೆ ಸಂಘದ ಕಂತೂ ಇಲ್ವಲ್ಲ. ಬೇಜಾರ್ ಮಾಡ್ಕೋಬೇಡಿ, ಹೊಟ್ಟೆ ಉರಿಗೆ ಅಂದೆ.

ದುರ್ಗದ ಅಕ್ಕ:
ತಮ್ಮಾ, ಹಂಗೆ ಅಂದೋರ್ ಮಾತು ಬಿಡು. ಫಿಲಿಪ್ಪಿಯವರಿಗೆ ಚಿಂತೆ ಮಾಡ್ಬೇಡಿ ಅಂತ ಬರೆದ ಅಪೊಸ್ತಲ ಪೌಲ ಜೈಲಲ್ಲಿ ಕೂತು ಬರೆದಿದ್ದು, ಅದೇ ಪೌಲ 2 ಕೊರಿಂಥ 11:28ರಲ್ಲಿ ಎಲ್ಲಾ ಸಭೆಗಳ (ಚರ್ಚುಗಳ) ಚಿಂತೆ ನನಗೆ ದಿನಾ ಐತೆ ಅಂತಾನೆ, ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಮೂಲದ ಪದ. ಅವನಿಗೂ ವಿಶ್ವಾಸ ಕಮ್ಮಿ ಅಂತಾರಾ? 1 ಪೇತ್ರ 5:7ರಲ್ಲಿ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿ ಅಂತೈತೆ, ಹಾಕ್ಬೇಕು ಅಂದ್ರೆ ಮೊದ್ಲು ಕೈಯಲ್ಲಿ ಇರ್ಬೇಕಲ್ಲ! ಆಮೇಲೆ ನಮ್ ಕನ್ನಡ ಬೈಬಲ್‌ನಲ್ಲಿ ಆತನು ನಿಮಗೋಸ್ಕರ ಚಿಂತಿಸುತ್ತಾನೆ ಅಂತ ಬರುತ್ತೆ ನೋಡು, ನಂಗೆ ಅದು ಓದಿದಾಗೆಲ್ಲ ನಮ್ಮಪ್ಪ ನೆನಪಾಗ್ತಾನೆ, ನಾವು ಮಲಗಿದ್ಮೇಲೆ ಜಗಲಿ ಮೇಲೆ ಕೂತಿರ್ತಿದ್ನಲ್ಲ, ಹಂಗೆ.

ನಮ್ಮೆಜಮಾನ್ರು ತೀರ್ಕೊಂಡ ವರ್ಷ ನನಗೂ ಪ್ರಾರ್ಥನೆ ಬರ್ತಿರ್ಲಿಲ್ಲ. ಕೀರ್ತನೆ 13 ತೆಗೆದು ಎಷ್ಟರವರೆಗೆ ಯೆಹೋವನೇ ಅನ್ನೋದೊಂದೇ ಹೇಳ್ತಿದ್ದೆ, ಅದೂ ಸಿಟ್ಟಲ್ಲಿ. ನೀನು ಬಡ್ಡಿ ಲೆಕ್ಕ ತಲೇಲಿ ಬರುತ್ತೆ ಅಂತೀಯಲ್ಲ, ಆ ಲೆಕ್ಕಾನೇ ಆತನಿಗೆ ಓದಿ ಹೇಳು, ಇಂತಿಷ್ಟು ಅಸಲು ಇಂತಿಷ್ಟು ಬಡ್ಡಿ ಅಂತ.

ಇನ್ನೊಂದು, ಪ್ರವಾದಿ ಎಲೀಯನ ಕಥೆ (1 ಅರಸು 19). ಸಾಕು ಸ್ವಾಮಿ ನನ್ನ ಪ್ರಾಣ ತಗೋ ಅಂತ ಅಡವೀಲಿ ಗಿಡದ ಕೆಳಗೆ ಬಿದ್ಕೊಂಡ, ನಮ್ ಚಳ್ಳಕೆರೆ ಕಡೆ ಜಾಲಿ ಗಿಡ ನೆನೆಸ್ಕೋ. ದೇವದೂತ ಬಂದು ಬೈದ್ನಾ? ಇಲ್ಲ, ರೊಟ್ಟಿ ನೀರು ಕೊಟ್ಟ, ಮಲಗೋಕೆ ಬಿಟ್ಟ, ಮತ್ತೆ ಎಬ್ಬಿಸಿ ಇನ್ನೊಂದ್ಸಲ ಉಣ್ಣು ಅಂದ. ನೀನು ಸೋಮವಾರ ರಾತ್ರಿ ಊಟ ಮಾಡ್ತೀಯೋ ಇಲ್ವೋ?

ಹಳೇ ಬ್ಯಾಂಕ್ ಮೇಷ್ಟ್ರು:
ನಾನೂ ಸಭೆಯವನೇ, ಅಕ್ಕ ಹೇಳಿದ್ದು ಸರಿ, ಆದ್ರೆ ನಾನು ರೊಕ್ಕದ ಮಾತು ಆಡ್ತೀನಿ. ಕಂತು ತಪ್ಪಿದ್ಮೇಲೆ ಅಲ್ಲ, ತಪ್ಪೋಕ್ ಮುಂಚೆ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಹತ್ರ ಕೂತ್ಕೊಳ್ಳಿ, ಬರ ಘೋಷಣೆ ಆದ ತಾಲ್ಲೂಕಾದ್ರೆ ಬೆಳೆಸಾಲದ ಅವಧಿ ಮುಂದೂಡೋಕೆ ದಾರಿ ಇರುತ್ತೆ. ಸಂಘದೋರು ಮನೆ ಮುಂದೆ ಬಂದು ಕೂಗಾಡಿದ್ರೆ ಹೆದರ್ಬೇಡಿ, ವಸೂಲಿ ಕಿರುಕುಳ ತಡೆಯೋಕೆ 2025ರಲ್ಲಿ ನಮ್ ರಾಜ್ಯದಲ್ಲಿ ಕಾನೂನೇ ಬಂದೈತೆ, ಪೊಲೀಸ್ ಸ್ಟೇಷನ್ನಿಗೆ ಹೋಗ್ಬಹುದು. ಸಾಲ ಮನ್ನಾ ಅಂತಲ್ಲ ಮತ್ತೆ, ಅದನ್ನ ತಪ್ಪು ತಿಳ್ಕೋಬೇಡಿ. ಎದೆ ಡಬಡಬ ನಿಲ್ಲದಿದ್ರೆ ಡಾಕ್ಟರಿಗೆ ತೋರ್ಸಿ, ರಾತ್ರಿ ತೀರಾ ತಡೆಯೋಕಾಗ್ದಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಮಾಡಿದ್ರೆ ವಿಶ್ವಾಸ ಕಮ್ಮಿ ಆಗಲ್ಲ.

ಜಗಳೂರ್ ಹುಡ್ಗ:
ಅಕ್ಕಾ, ಉಣ್ಣಲ್ಲ, ಸೇರಲ್ಲ. ನಿನ್ನೆ ರಾತ್ರಿ ನೀವು ಹೇಳ್ದಂಗೆ ಚೀಟಿಲಿ ಬರ್ಕೊಂಡು ಒಂದೊಂದೇ ಓದಿದೆ, ಮೂರನೇ ಸಾಲಿಗೆ ಅಳು ಬಂತು, ಮನೆಯವ್ಳು ಎದ್ದು ಕೂತ್ಲು, ಇಬ್ರೂ ಮಂಡಕ್ಕಿ ತಿಂದ್ವಿ 3 ಗಂಟೆ ರಾತ್ರೀಲಿ. ಸಾಲ ಅಷ್ಟೇ ಐತೆ. ಮೇಷ್ಟ್ರೇ, ಬ್ಯಾಂಕ್ ಒಳಗೆ ಹೋಗೋಕೇ ಕಾಲು ಬರಲ್ಲ ನಂಗೆ.

ಹಳೇ ಬ್ಯಾಂಕ್ ಮೇಷ್ಟ್ರು:
ಸೋಮವಾರ 10 ಗಂಟೆಗೆ ಗಾಂಧಿ ಸರ್ಕಲ್ ಹತ್ರ ಬಾ, ಒಟ್ಟಿಗೆ ಹೋಗಣ. ಪಾಸ್‌ಬುಕ್, ಪಹಣಿ, ಆ ಚೀಟಿ ತಗೊಂಬಾ.